ಹಿಮದ ಹೊಳೆಯಲ್ಲಿ ಹುಸಿನೊಣದ ಗಾಳ

ಗಾಳ ಹಾಕಿ ಮೀನು ಹಿಡಿಯುವುದೆಂದರೆ ನಮಗೆಲ್ಲ ಗೊತ್ತಿರುವ ಕೆಲಸ. ಒಂದು ಬಿದಿರಿನ ಕೋಲು, ಅದಕ್ಕೊಂದು ದಾರ, ದಾರದ ನಡುವೆ ಬೆಂಡು, ತುದಿಯಲ್ಲಿ ಕೊಕ್ಕೆ, ಕೊಕ್ಕೆಗೆ ಎರೆಹುಳು. ಕೆರೆ ಏರಿಯ ಮೇಲೆ ಕೂತು ಬೆಂಡು ಮುಳುಗುವುದನ್ನು ಕಾಯುತ್ತಿದ್ದರೆ ಆಯಿತು. ಮೀನು ಬಿದ್ದರೆ ಸಾರು, ಬೀಳದಿದ್ದರೆ ಮನೆಯಲ್ಲಿ ಬೈಗುಳ. ಇಷ್ಟು ಸರಳವಾದ ಕೆಲಸವನ್ನು ಮನುಷ್ಯ ಎಷ್ಟರ ಮಟ್ಟಿಗೆ ಕಷ್ಟ ಮಾಡಿಕೊಳ್ಳಬಲ್ಲ ಎಂಬುದನ್ನು ನೋಡಬೇಕಿದ್ದರೆ ಜನವರಿ ತಿಂಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಯ ಕಡೆ ಕಣ್ಣು ಹಾಯಿಸಬೇಕು. ದಡದಲ್ಲಿ ಮೊಣಕಾಲುದ್ದ ಹಿಮ. ಗಾಳಿಯ ಉಷ್ಣತೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ. ನಡುನೀರಿನಲ್ಲಿ ಒಬ್ಬರು ನಿಂತು, ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಹುಸಿನೊಣವನ್ನು ಮತ್ತೆ ಮತ್ತೆ ಹೊಳೆಗೆ ಬೀಸುತ್ತಿರುತ್ತಾರೆ. ಮೀನು ಸಿಕ್ಕರೆ ಒಂದು ಗಳಿಗೆ ನೋಡಿ, ಅಲ್ಲೇ ನೀರಿನಲ್ಲಿ ಬಿಟ್ಟುಬಿಡುತ್ತಾರೆ. ಸಾರಿನ ಪ್ರಶ್ನೆಯೇ ಇಲ್ಲ.

ಇದಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆ. ಹಿಡಿಯುವ ಮೀನು ಟ್ರೌಟ್. ಇದು ಶ್ರೀಮಂತರ ತಲೆಕೆಟ್ಟ ಹವ್ಯಾಸ ಎಂದು ಪುಟ ತಿರುವಬೇಡಿ. ಈ ಆಟದಲ್ಲಿ ನೀವು ಹೈಸ್ಕೂಲಿನಲ್ಲಿ ಓದಿದ ಭೌತಶಾಸ್ತ್ರವಿದೆ, ಜೀವಶಾಸ್ತ್ರವಿದೆ. ಒಂದು ಸರಕಾರ ತಾನು ಮಾಡುತ್ತಿದ್ದ ಒಳ್ಳೆಯ ಕೆಲಸವೇ ಹೊಳೆಗೆ ಕೆಡುಕು ಎಂದು ಅರಿತು ಅದನ್ನು ನಿಲ್ಲಿಸಿದ ಅಪರೂಪದ ಕತೆಯೂ ಇದೆ.

ಮೊದಲು ಹುಸಿನೊಣದ ವಿಚಾರ. ಟ್ರೌಟ್ ಮೀನಿನ ಮುಖ್ಯ ಆಹಾರ ಹೊಳೆಯ ಕಲ್ಲುಗಳ ಸಂದಿಯಲ್ಲಿ ಬೆಳೆಯುವ ಕೀಟಗಳು. ಆ ಕೀಟಗಳನ್ನೇ ಹೋಲುವಂತೆ ಕೊಕ್ಕೆಯ ಮೇಲೆ ನೂಲು, ತುಪ್ಪಳ, ಪುಕ್ಕ ಸುತ್ತಿ ಮಾಡಿದ್ದೇ ಫ್ಲೈ. ಹಾಗೆ ಮಾಡಿದ ನೊಣಕ್ಕೆ ತೂಕವೆಂಬುದೇ ಇಲ್ಲ. ಅಂಗಳದಲ್ಲಿ ನಿಂತು ಕೋಳಿಯ ಒಂದು ಪುಕ್ಕವನ್ನು ಹತ್ತು ಮೀಟರ್ ದೂರಕ್ಕೆ ಎಸೆಯಲು ಪ್ರಯತ್ನಿಸಿ, ಕಷ್ಟ ಏನೆಂದು ತಿಳಿಯುತ್ತದೆ. ನಮ್ಮ ಮಾಮೂಲಿ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಎಲ್ಲ ತಲೆಕೆಳಗು. ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ದಾರವೇ ನೊಣವನ್ನು ಹೊತ್ತುಕೊಂಡು ಹೋಗಬೇಕು. ಒಂಬತ್ತು ಅಡಿ ಉದ್ದದ ಬಳುಕುವ ಕೋಲನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಬೀಸಿ ಗಕ್ಕನೆ ನಿಲ್ಲಿಸಿದರೆ ದಾರ ಗಾಳಿಯಲ್ಲಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಚಲಿಸುತ್ತಿರುವ ದಾರದ ಭಾಗ ಕ್ಷಣಕ್ಷಣಕ್ಕೂ ಚಿಕ್ಕದಾಗುವುದರಿಂದ ಶಕ್ತಿಯೆಲ್ಲ ತುದಿಯ ಕಡೆ ಒತ್ತರಿಸಿಕೊಂಡು ಬರುತ್ತದೆ. ದನ ಕಾಯುವ ಹುಡುಗ ಬಾರುಕೋಲು ಬೀಸಿ ಚಟ್ ಎನ್ನಿಸುವುದೂ ಇದೇ ಸೂತ್ರದ ಮೇಲೆ. ಅವನಿಗೆ ಸದ್ದು ಬೇಕು. ಇವರಿಗೆ ಸದ್ದು ಆಗಲೇಕೂಡದು, ಅಷ್ಟೇ ವ್ಯತ್ಯಾಸ.

ಪುಕ್ಕದ ಮಾತು ಬಂತಲ್ಲ, ನಮ್ಮ ನಾಡಿಗೂ ಈ ಆಟಕ್ಕೂ ಒಂದು ಹಳೆಯ ನಂಟಿದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳಗಿನ ಜಾವ ಮುರಿದು ಮುರಿದು ಕೂಗುವ ಬೂದು ಬಣ್ಣದ ಕಾಡುಕೋಳಿಯನ್ನು ಮಲೆನಾಡಿನವರು ನೋಡಿರುತ್ತೀರಿ. ಅದರ ಹುಂಜದ ಕತ್ತಿನ ಗರಿಗಳ ಮೇಲೆ ಮೇಣ ಸುರಿದಂತೆ ಹೊಳೆಯುವ ಬಿಳಿ-ಹಳದಿ ಚುಕ್ಕೆಗಳಿವೆ. ಬ್ರಿಟಿಷ್ ಗಾಳಗಾರರ ಕಣ್ಣು ಅದರ ಮೇಲೆ ಬಿತ್ತು. ಹುಸಿನೊಣದ, ಅದರಲ್ಲೂ ಸಾಮನ್ ಮೀನಿಗೆ ಕಟ್ಟುವ ದೊಡ್ಡ ಹುಸಿನೊಣದ, ಕಣ್ಣಿನ ಜಾಗದಲ್ಲಿ ಆ ಚುಕ್ಕೆಯನ್ನು ಕಟ್ಟುವುದು ಪದ್ಧತಿಯಾಯಿತು. ನಮ್ಮ ಕಾಡಿನ ಎಷ್ಟು ಹುಂಜಗಳು ಸ್ಕಾಟ್ಲೆಂಡಿನ ಹೊಳೆಗಳಿಗಾಗಿ ಕುತ್ತಿಗೆ ಕೊಟ್ಟವೋ ಲೆಕ್ಕವಿಟ್ಟವರಿಲ್ಲ. ಈಗ ಆ ಹಕ್ಕಿಗೆ ನಮ್ಮ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಗರಿ ಬೇಕಾದವರು ಸಾಕಿ ಬೆಳೆಸಿದ ಹಕ್ಕಿಗಳ ಗರಿಯನ್ನೇ ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಅದಿರಲಿ, ಮ್ಯಾಡಿಸನ್ ನದಿಗೆ ಬರೋಣ. ಮೊಂಟಾನಾ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಎರಡರಷ್ಟಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 11 ಲಕ್ಷವನ್ನೂ ಮುಟ್ಟಿಲ್ಲ. ಚಳಿಯ ವಿಷಯದಲ್ಲಿ ಮಾತ್ರ ಅದು ಯಾರಿಗೂ ಬಗ್ಗದ ರಾಜ್ಯ. 1954ರ ಜನವರಿ 20ರಂದು ಅಲ್ಲಿನ ರೋಜರ್ಸ್ ಪಾಸ್ ಎಂಬಲ್ಲಿ ಸೊನ್ನೆಗಿಂತ 56 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಚಳಿ ದಾಖಲಾಗಿತ್ತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಫೈರ್‌ಹೋಲ್ ಮತ್ತು ಗಿಬ್ಬನ್ ಎಂಬೆರಡು ಹೊಳೆಗಳು ಕೂಡಿದಲ್ಲಿ ಮ್ಯಾಡಿಸನ್ ಹುಟ್ಟುತ್ತದೆ. ಹೆಬ್ಗೆನ್ ಅಣೆಕಟ್ಟಿನ ಜಲಾಶಯ ದಾಟಿ, 1959ರ ಭೂಕಂಪದಲ್ಲಿ ಗುಡ್ಡ ಕುಸಿದು ಉಂಟಾದ ಕ್ವೇಕ್ ಸರೋವರ ದಾಟಿ, ಎನ್ನಿಸ್ ಎಂಬ ಪುಟ್ಟ ಊರನ್ನು ಹಾದು, ಥ್ರೀ ಫೋರ್ಕ್ಸ್ ಎಂಬಲ್ಲಿ ಇನ್ನೆರಡು ನದಿಗಳ ಜತೆ ಸೇರಿ ಮಿಸೌರಿ ಎಂಬ ಮಹಾನದಿಯಾಗುತ್ತದೆ. ಬೇಸಿಗೆಯಲ್ಲಿ ಇದರ ದಡದ ಮೇಲೆ ಜಾತ್ರೆ. ನಾರ್ಮನ್ ಮೆಕ್ಲೀನ್ 1976ರಲ್ಲಿ ಬರೆದ ‘ಎ ರಿವರ್ ರನ್ಸ್ ಥ್ರೂ ಇಟ್’ ಕತೆಯನ್ನು ರಾಬರ್ಟ್ ರೆಡ್‌ಫೋರ್ಡ್ 1992ರಲ್ಲಿ ಸಿನಿಮಾ ಮಾಡಿದ ಮೇಲಂತೂ ಮೊಂಟಾನಾದ ಹೊಳೆಗಳಿಗೆ ದೇಶದ ಮೂಲೆಮೂಲೆಯಿಂದ ಜನ ನುಗ್ಗಿದರು. ಡಿಸೆಂಬರಿನಲ್ಲಿ ಈ ಗದ್ದಲವೆಲ್ಲ ಅಡಗುತ್ತದೆ. ಚಳಿಗಾಲದ ಆಟದ ಮೊದಲ ಸುಖವೇ ಅದು: ಹೊಳೆಯೆಲ್ಲ ಒಬ್ಬರದೇ.

ಈಗ ನೀರಿನೊಳಗೆ ಇಳಿದು ನೋಡೋಣ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ, ಆದ್ದರಿಂದ ಸರೋವರದ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ 4 ಡಿಗ್ರಿಯ ನೀರು ಉಳಿದು ಮೀನುಗಳು ಬದುಕುತ್ತವೆ ಎಂದು ಪಾಠದಲ್ಲಿ ಓದಿದ್ದೀರಿ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿರುತ್ತೀರಿ. ಆದರೆ ಈ ಮಾತು ನಿಂತ ನೀರಿಗೆ ಮಾತ್ರ. ರಭಸದಿಂದ ಹರಿಯುವ ಹೊಳೆಯಲ್ಲಿ ಮೇಲಿನ ನೀರು ಕೆಳಗಿನ ನೀರು ಸದಾ ಕಲಸಿಹೋಗುವುದರಿಂದ ಮೇಲಿಂದ ತಳದವರೆಗೂ ಒಂದೇ ತಂಪು. ಕಡುಚಳಿಯ ರಾತ್ರಿ ಇಡೀ ಹೊಳೆ ಸೊನ್ನೆ ಡಿಗ್ರಿಗೆ, ಕೆಲವೊಮ್ಮೆ ಸೊನ್ನೆಗಿಂತ ಒಂದು ಡಿಗ್ರಿಯ ನೂರನೇ ಕೆಲವು ಪಾಲಿನಷ್ಟು ಕೆಳಕ್ಕೂ ಇಳಿಯುತ್ತದೆ. ಆಗ ನೀರಿನೊಳಗೇ ಹಿಮದ ಸಣ್ಣ ಸಣ್ಣ ಹರಳುಗಳು ಹುಟ್ಟಿ, ಪಾಯಸದೊಳಗಿನ ಸಬ್ಬಕ್ಕಿಯಂತೆ ತೇಲತೊಡಗುತ್ತವೆ. ಇವು ತಳದ ಕಲ್ಲುಗಳಿಗೆ ಅಂಟಿದರೆ ಹೊಳೆಯ ಹಾಸಿನ ಮೇಲೇ ಮಂಜುಗಡ್ಡೆ ಬೆಳೆಯುತ್ತದೆ. ಸರೋವರದಲ್ಲಿ ಹಿಮ ಮೇಲಿಂದ ಕಟ್ಟಿದರೆ ಇಲ್ಲಿ ಕೆಳಗಿನಿಂದಲೂ ಕಟ್ಟುತ್ತದೆ. ಎನ್ನಿಸ್ ಬಳಿ ಹೀಗೆ ಹಿಮ ತುಂಬಿ, ನೀರಿಗೆ ದಾರಿಯಿಲ್ಲದೆ ನಡುಚಳಿಗಾಲದಲ್ಲೇ ಹೊಳೆ ದಡ ಮೀರಿ ಉಕ್ಕುವುದುಂಟು.

ಟ್ರೌಟ್ ಶೀತರಕ್ತದ ಪ್ರಾಣಿ. ನೀರು ಎಷ್ಟು ತಂಪೋ ಅದರ ಮೈಯೂ ಅಷ್ಟೇ ತಂಪು. 10ರಿಂದ 16 ಡಿಗ್ರಿಯ ನೀರಿನಲ್ಲಿ ಅದು ಚುರುಕು. ಹಾರುವ ಕೀಟವನ್ನು ಹಿಡಿಯಲು ಗಾಳಿಗೆ ಜಿಗಿಯುವುದೂ ಉಂಟು. ಎರಡು-ಮೂರು ಡಿಗ್ರಿಗೆ ಇಳಿದರೆ ಜೀವದ ಗಡಿಯಾರವೇ ನಿಧಾನ. ತಿಂದದ್ದು ಅರಗಲು ದಿನಗಟ್ಟಲೆ ಬೇಕು. ಉಸಿರಿಗೇನೂ ಕೊರತೆಯಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದ್ದರೆ ಸೊನ್ನೆ ಡಿಗ್ರಿಯ ನೀರಿನಲ್ಲಿ 14 ಮಿಲಿಗ್ರಾಂಗೂ ಹೆಚ್ಚು ಕರಗಿರುತ್ತದೆ. ಕೊರತೆಯಿರುವುದು ಶಕ್ತಿಗೆ. ಹರಿವಿನ ವಿರುದ್ಧ ಈಜುವುದು ಖರ್ಚಿನ ಬಾಬು. ಚಳಿಗಾಲದಲ್ಲಿ ಬರುವ ಆದಾಯ ಕಡಿಮೆ. ಆದ್ದರಿಂದ ಟ್ರೌಟ್‌ಗಳು ಬೇಸಿಗೆಯ ಝರಿಗಳನ್ನು ಬಿಟ್ಟು, ನೀರು ನಿಧಾನವಾಗಿ ಸಾಗುವ ಆಳದ ಮಡುಗಳಿಗೆ, ಬಂಡೆಗಳ ಹಿಂಬದಿಗೆ, ನೆಲದಡಿಯ ಒರತೆ ಬಂದು ಸೇರುವ ಜಾಗಗಳಿಗೆ ಸರಿಯುತ್ತವೆ. ಒರತೆಯ ನೀರಿಗೆ ಚಳಿಗಾಲವೆಂಬುದಿಲ್ಲ. ಮೊಂಟಾನಾದಲ್ಲೇ ಲಿವಿಂಗ್‌ಸ್ಟನ್ ಊರಿನ ಬಳಿ ಒರತೆಯಿಂದಲೇ ಹುಟ್ಟುವ ಕೆಲವು ತೊರೆಗಳಿವೆ. ಹೊರಗೆ ಗಡ್ಡದ ಮೇಲೆ ಹಿಮ ಕಟ್ಟುವ ದಿನವೂ ಬುಗ್ಗೆಯ ಬಾಯಲ್ಲಿ ನೀರು 10 ಡಿಗ್ರಿಯ ಆಸುಪಾಸಿನಲ್ಲಿದ್ದು ಬೆಳಿಗ್ಗೆ ಹಬೆಯಾಡುತ್ತಿರುತ್ತದೆ. ನಮ್ಮ ಬಾವಿಯ ನೀರು ಡಿಸೆಂಬರಿನ ಮುಂಜಾನೆ ಬೆಚ್ಚಗೆನಿಸುವ ಹಾಗೆ.

ಇಷ್ಟನ್ನು ತಿಳಿದವರಿಗೆ ಚಳಿಗಾಲದ ಆಟದ ಅರ್ಧ ಪಾಠ ಆದಂತೆ. ಬೆಳಕು ಹರಿಯುವ ಮುಂಚೆ ಹೊಳೆಗೆ ಓಡುವ ಅಗತ್ಯವಿಲ್ಲ. ಬ್ಯಾಂಕಿನ ಗುಮಾಸ್ತರಂತೆ ಹನ್ನೊಂದಕ್ಕೆ ಹೋಗಿ ಮೂರಕ್ಕೆ ಮರಳಿದರೆ ಸಾಕು. ಆ ಹೊತ್ತಿನಲ್ಲಿ ನೀರು ಒಂದು ಡಿಗ್ರಿ ಏರಿದರೂ ಮೀನಿಗೆ ಅದು ಹಬ್ಬ. ಬಿಸಿಲಿದ್ದು ಗಾಳಿ ಇಲ್ಲದ ಮಧ್ಯಾಹ್ನ ಒಂದು ಸೋಜಿಗವೂ ನಡೆಯುತ್ತದೆ. ನೀರಿನ ತಳದಿಂದ ಮಿಜ್ ಎಂಬ ಗುಂಗುರು ಹುಳುಗಳು ಮೇಲೆದ್ದು ರೆಕ್ಕೆ ಬಿಚ್ಚುತ್ತವೆ. ನೋಡಲು ಸೊಳ್ಳೆಯಂತೆ, ಕಚ್ಚುವುದಿಲ್ಲ. ಬಿಳಿಯ ಹಿಮದ ಮೇಲೆ ಕರಿ ಎಳ್ಳು ಚೆಲ್ಲಿದಂತೆ ನಡೆದಾಡುತ್ತವೆ. ಇಡೀ ಚಳಿಗಾಲ ಟ್ರೌಟ್‌ನ ನಿತ್ಯದ ಊಟ ಇವು ಮತ್ತು ಇವುಗಳ ಮರಿಹುಳುಗಳೇ. ಹಾಗಾಗಿ ಹುಸಿನೊಣವೂ ಅಷ್ಟೇ ಚಿಕ್ಕದಿರಬೇಕು. ಕಣ್ಣಿಗೆ ಕನ್ನಡಕ ಬಂದವರು ಅದಕ್ಕೆ ದಾರ ಪೋಣಿಸುವುದರಲ್ಲೇ ಅರ್ಧ ಮಧ್ಯಾಹ್ನ ಕಳೆಯಬೇಕು. ದಾರದ ಕೊನೆಯ ಎಳೆ ತಲೆಗೂದಲಿನ ಎರಡರಷ್ಟು ದಪ್ಪವಿದ್ದರೆ ಹೆಚ್ಚು. ಚಳಿಗೆ ಜಡವಾದ ಮೀನು ತುತ್ತಿಗಾಗಿ ಒಂದಡಿ ಸರಿಯುವುದೂ ಅನುಮಾನ. ತುತ್ತೇ ಅದರ ಮೂತಿಯ ಮುಂದೆ ಹೊಳೆಯ ವೇಗದಲ್ಲೇ, ಎಲೆ ತೇಲಿದಷ್ಟು ಸಹಜವಾಗಿ ತೇಲಿ ಬರಬೇಕು. ದಾರ ಸ್ವಲ್ಪ ಎಳೆದರೂ ನೊಣ ಹೊಳೆಗಿಂತ ಬೇರೆಯಾಗಿ ಚಲಿಸುತ್ತದೆ, ಮೀನಿಗೆ ಮೋಸ ಗೊತ್ತಾಗುತ್ತದೆ. ಕಚ್ಚಿದರೂ ಜಗ್ಗುವುದಿಲ್ಲ, ದಾರ ಒಂದು ಕ್ಷಣ ತಡೆದಂತೆ ಕಂಡರೆ ಅಷ್ಟೇ ಸೂಚನೆ.

ಇನ್ನೊಂದು ತಮಾಷೆ. ದಾರ ಹಾಯುವ ಕೋಲಿನ ಉಂಗುರಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಸಿಕ್ಕಿಬೀಳುತ್ತದೆ. ಏನು ಮಾಡುತ್ತಾರೆ ಗೊತ್ತೆ? ಕೋಲನ್ನು ಹೊಳೆಯಲ್ಲಿ ಅದ್ದುತ್ತಾರೆ. ಗಾಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವಾಗ ಎರಡು ಡಿಗ್ರಿಯ ಹೊಳೆಯೇ ಬಿಸಿನೀರು!

ಈಗ ಕತೆಯ ತಿರುಳಿಗೆ ಬರುತ್ತೇನೆ. ‘ಕಾಡು ಟ್ರೌಟ್’ ಎಂಬ ಮಾತನ್ನು ಅಲ್ಲಿಯವರು ಬಹಳ ಅಭಿಮಾನದಿಂದ ಬಳಸುತ್ತಾರೆ. ಕಾಡು ಎಂದರೆ ಅಲ್ಲಿಯ ಮೂಲನಿವಾಸಿ ಎಂದಲ್ಲ. ಮ್ಯಾಡಿಸನ್‌ನ ಈಗಿನ ಮುಖ್ಯ ಮೀನುಗಳೆರಡೂ ವಲಸೆ ಬಂದವು. ಕಂದು ಟ್ರೌಟ್ ಯುರೋಪಿನದು. ಅದರ ಮೊಟ್ಟೆಗಳು 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂದವು. ರೇನ್‌ಬೋ ಟ್ರೌಟ್ ಪೆಸಿಫಿಕ್ ತೀರದ ಹೊಳೆಗಳದು. ಮೂಲತಃ ಅಲ್ಲಿಯದಾದ ಕಟ್‌ಥ್ರೋಟ್ ಟ್ರೌಟ್ ಇವುಗಳ ದಾಳಿಯಲ್ಲಿ ಮೂಲೆಗುಂಪಾಯಿತು. ಯಾರೂ ತಂದು ಬಿಡದೆ, ಹೊಳೆಯಲ್ಲೇ ಮೊಟ್ಟೆಯೊಡೆದು ಹೊಳೆಯಲ್ಲೇ ಬೆಳೆದ ಮೀನು ಎಂಬಷ್ಟೇ ಅರ್ಥದಲ್ಲಿ ಅದು ಕಾಡುಮೀನು. ಇದಕ್ಕೆ ವಿರುದ್ಧವಾದದ್ದು ಸಾಕಣೆಕೇಂದ್ರದ ಸಿಮೆಂಟು ತೊಟ್ಟಿಯಲ್ಲಿ ಬೆಳೆಸಿ ಲಾರಿಯಲ್ಲಿ ತಂದು ಸುರಿಯುವ ಮೀನು.

ಮೊಂಟಾನಾದಲ್ಲೂ ದಶಕಗಳ ಕಾಲ ಸರಕಾರವೇ ಹೀಗೆ ಸುರಿಯುತ್ತಿತ್ತು. ಪ್ರವಾಸಿಗರಿಗೆ ಮೀನು ಸಿಗಬೇಕು, ಅಂಗಡಿಯವರಿಗೆ ವ್ಯಾಪಾರ ಆಗಬೇಕು. ಹೆಚ್ಚು ಮೀನು ಸುರಿದರೆ ಹೊಳೆಯಲ್ಲಿ ಹೆಚ್ಚು ಮೀನು. ಇದರಲ್ಲಿ ಅನುಮಾನ ಪಡುವುದೇನಿದೆ? 1960ರ ದಶಕದ ಕೊನೆಯಲ್ಲಿ ಆ ರಾಜ್ಯದ ಮೀನು ಇಲಾಖೆಯ ಜೀವವಿಜ್ಞಾನಿ ಡಿಕ್ ವಿನ್ಸೆಂಟ್ ಮ್ಯಾಡಿಸನ್‌ನ ಮೀನುಗಳನ್ನು ಎಣಿಸಲು ತೊಡಗಿದರು. ನೀರಿಗೆ ಹದವಾಗಿ ವಿದ್ಯುತ್ ಹಾಯಿಸಿ, ಕ್ಷಣಕಾಲ ಮಂಕಾದ ಮೀನುಗಳನ್ನು ಹಿಡಿದು ಅಳೆದು ಮತ್ತೆ ಬಿಡುವ ವಿಧಾನ ಅದು. ಎಣಿಕೆ ತಾಳೆಯಾಗಲಿಲ್ಲ. ಲಾರಿಗಟ್ಟಲೆ ಮೀನು ಬಿಟ್ಟ ಜಾಗಗಳಲ್ಲೇ ಕಾಡುಮೀನು ಕಡಿಮೆ ಇತ್ತು.

ಅವರು ಮಾಡಿದ ಪ್ರಯೋಗ ಎಷ್ಟು ಸರಳ ನೋಡಿ. ವಿಜ್ಞಾನ ಓದುವ ಮಕ್ಕಳು ಗಮನಿಸಬೇಕು. ವರ್ಷವರ್ಷವೂ ಮೀನು ಬಿಡುತ್ತಿದ್ದ ಮ್ಯಾಡಿಸನ್‌ನ ಒಂದು ಭಾಗದಲ್ಲಿ ಬಿಡುವುದನ್ನು ನಿಲ್ಲಿಸಿದರು. ಬಿಡದೆ ಇದ್ದ ಓಡೆಲ್ ಎಂಬ ತೊರೆಗೆ ಬಿಡತೊಡಗಿದರು. ಎರಡೂ ಕಡೆ ವರ್ಷಗಟ್ಟಲೆ ಎಣಿಸಿದರು. ನಿಲ್ಲಿಸಿದ ಕಡೆ ಕಂದು ಟ್ರೌಟ್ ದುಪ್ಪಟ್ಟಿಗೂ ಮೀರಿ ಹೆಚ್ಚಿತು, ಕಾಡು ರೇನ್‌ಬೋ ಎಷ್ಟೋ ಪಟ್ಟು ಏರಿತು. ಹೊಸದಾಗಿ ಬಿಡತೊಡಗಿದ ತೊರೆಯಲ್ಲಿ ದೊಡ್ಡ ಕಂದು ಟ್ರೌಟ್‌ಗಳ ಸಂಖ್ಯೆ ಸುಮಾರು ಅರ್ಧಕ್ಕೆ ಕುಸಿಯಿತು.

ಕಾರಣ ಹೊಳೆಯೊಳಗಿನ ಶಿಸ್ತಿನಲ್ಲಿದೆ. ಕಾಡುಟ್ರೌಟ್‌ಗಳಲ್ಲಿ ಪ್ರತಿ ಮೀನಿಗೂ ತನ್ನದೆಂಬ ಠಾವು ಇರುತ್ತದೆ. ಬಲವಾದದ್ದಕ್ಕೆ ಬಂಡೆಯ ಹಿಂದಿನ ಒಳ್ಳೆಯ ಜಾಗ, ಚಿಕ್ಕದಕ್ಕೆ ಅದರ ಪಕ್ಕ. ಜಗಳ ಒಮ್ಮೆ ತೀರ್ಮಾನವಾದ ಮೇಲೆ ಎಲ್ಲವೂ ತಂತಮ್ಮ ಜಾಗದಲ್ಲಿ ನಿಂತು ಶಕ್ತಿ ಉಳಿಸುತ್ತವೆ. ತೊಟ್ಟಿಯ ಮೀನಿಗೆ ಈ ಮರ್ಯಾದೆ ತಿಳಿಯದು. ಸಾವಿರಾರು ಒಂದೆಡೆ ಮೈಗೆ ಮೈ ತಾಗಿ, ಹೊತ್ತುಹೊತ್ತಿಗೆ ಮೇಲಿಂದ ಬೀಳುವ ಕಾಳು ತಿಂದು ಬೆಳೆದದ್ದು ಅದು. ಹೊಳೆಗೆ ಬಿದ್ದೊಡನೆ ಎಲ್ಲೆಂದರಲ್ಲಿ ನುಗ್ಗುತ್ತದೆ, ತಳ್ಳುತ್ತದೆ. ಕಾಡುಮೀನು ಜಾಗ ಕಾಯುವುದರಲ್ಲೇ ಸೊರಗುತ್ತದೆ ಅಥವಾ ಓಡಿಹೋಗುತ್ತದೆ. ಆಮೇಲೆ ಚಳಿಗಾಲ ಬಂದಾಗ ತೊಟ್ಟಿಯ ಮೀನಿಗೆ ಎಲ್ಲಿ ಅಡಗಬೇಕು, ಹೇಗೆ ಸುಮ್ಮನಿರಬೇಕು ಎಂಬುದು ಗೊತ್ತಿಲ್ಲ. ಹೆಚ್ಚಿನವು ವಸಂತವನ್ನು ಕಾಣುವುದೇ ಇಲ್ಲ. (ಇದನ್ನು ಬರೆಯುವಾಗ ನಮ್ಮೂರಿನ ಟ್ಯೂಶನ್ ಕೇಂದ್ರಗಳು ನೆನಪಾದವು. ಪಾಲಕರು ಕೋಪಿಸಿಕೊಂಡಾರೆಂದು ಹೋಲಿಕೆಯನ್ನು ಅಲ್ಲಿಗೇ ಬಿಡುತ್ತೇನೆ.)

ವಿರೋಧ ಬರದೆ ಇರಲಿಲ್ಲ. ಉಚಿತವಾಗಿ ಬರುತ್ತಿದ್ದ ಮೀನನ್ನು ನಿಲ್ಲಿಸಿ ಎಂದರೆ ಯಾವ ಅಂಗಡಿಯವನು ಒಪ್ಪಿಯಾನು? ಆದರೂ 1974ರಲ್ಲಿ ಮೊಂಟಾನಾ, ಕಾಡುಟ್ರೌಟ್ ತಾವಾಗಿ ಬದುಕಬಲ್ಲ ಹೊಳೆಗಳಿಗೆ ಸಾಕಣೆ ಟ್ರೌಟ್ ಬಿಡುವುದನ್ನು ನಿಲ್ಲಿಸಿತು. ಆ ಹಣ, ಆ ಗಮನ ನೀರಿನ ಹರಿವನ್ನೂ ದಡವನ್ನೂ ಕಾಪಾಡುವ ಕಡೆ ತಿರುಗಿತು. ಅರ್ಧ ಶತಮಾನ ಕಳೆದರೂ ಆ ನೀತಿ ಉಳಿದಿದೆ. ನಡುವೆ ಕಷ್ಟಗಳೂ ಬಂದವು. 1994ರ ಕೊನೆಯಲ್ಲಿ ಮ್ಯಾಡಿಸನ್‌ನಲ್ಲಿ ಒಂದು ಪರೋಪಜೀವಿ ಪತ್ತೆಯಾಯಿತು. ಮರಿಮೀನುಗಳ ಎಲುಬಿನ ಮೆದುಭಾಗವನ್ನು ಕೊರೆದು, ಅವು ತಮ್ಮ ಬಾಲವನ್ನೇ ಅಟ್ಟಿಸಿಕೊಂಡು ಗರಗರ ಸುತ್ತುವಂತೆ ಮಾಡುವ ರೋಗ ಅದು. ಮೇಲಿನ ಮ್ಯಾಡಿಸನ್‌ನ ರೇನ್‌ಬೋಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋದವು. ಯುರೋಪಿನಲ್ಲಿ ಅದೇ ರೋಗದ ಜತೆ ತಲೆತಲಾಂತರ ಬಾಳಿದ್ದ ಕಂದು ಟ್ರೌಟ್ ಹೆಚ್ಚು ಜಗ್ಗಲಿಲ್ಲ. ಆಗಲೂ ಲಾರಿಗಳನ್ನು ಮತ್ತೆ ಕರೆಯಲಿಲ್ಲ. ಹೊಳೆ ತಾನೇ ಚೇತರಿಸಿಕೊಳ್ಳಲಿ ಎಂದು ಕಾದರು. ರೇನ್‌ಬೋಗಳು ನಿಧಾನವಾಗಿ ಮರಳಿದವು.

ಲಾರಿ ಬರುವುದಿಲ್ಲ ಎಂದರೆ ಅರ್ಥವೇನು? ಮುಂದಿನ ವರ್ಷಗಳ ಮೀನೆಲ್ಲ ಈ ಚಳಿಗಾಲದ ಹೊಳೆಯ ತಳದಲ್ಲೇ ಇದೆ ಎಂದು. ಕಂದು ಟ್ರೌಟ್ ಮೊಟ್ಟೆಯಿಡುವುದು ಅಕ್ಟೋಬರ್-ನವೆಂಬರ್‌ನಲ್ಲಿ. ಹೆಣ್ಣು ಬಾಲದಿಂದ ಹರಳುಕಲ್ಲುಗಳನ್ನು ಕೆದರಿ ತಗ್ಗು ಮಾಡಿ, ಮೊಟ್ಟೆಯಿಟ್ಟು, ಮೇಲಿನಿಂದ ಕಲ್ಲು ಮುಚ್ಚುತ್ತದೆ. ಒಂದು ಕಿಲೋ ತೂಗುವ ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಪ್ರತಿಯೊಂದೂ ಬಟಾಣಿಗಿಂತ ಚಿಕ್ಕದಾದ ಕಿತ್ತಳೆ ಮಣಿ. ಕಲ್ಲಿನ ಸಂದಿಯಲ್ಲಿ ಹಾಯುವ ನೀರೇ ಅದಕ್ಕೆ ಉಸಿರು. ಎಷ್ಟು ದಿನಕ್ಕೆ ಮರಿ? ನೀರು 10 ಡಿಗ್ರಿ ಇದ್ದರೆ ಸುಮಾರು 40 ದಿನ. 5 ಡಿಗ್ರಿಯಾದರೆ ಸುಮಾರು ಮೂರು ತಿಂಗಳು. 2 ಡಿಗ್ರಿಯ ಆಸುಪಾಸಿನಲ್ಲಿ ಐದು ತಿಂಗಳೇ ಹಿಡಿಯಬಹುದು. ಡಿಗ್ರಿಯನ್ನೂ ದಿನವನ್ನೂ ಗುಣಿಸಿದರೆ ಹೆಚ್ಚುಕಡಿಮೆ ಒಂದೇ ಮೊತ್ತ ಬರುವುದನ್ನು ನೋಡಿ. ತೀರಾ ತಣ್ಣನೆಯ ನೀರಿನಲ್ಲಿ ಮಾತ್ರ ಲೆಕ್ಕ ತುಸು ಜಾರುತ್ತದೆ. ಒಡೆದ ಮೇಲೂ ಮರಿಗಳು ಹೊಟ್ಟೆಗಂಟಿದ ಹಳದಿ ಚೀಲದ ಬುತ್ತಿ ಮುಗಿಯುವವರೆಗೆ ಕಲ್ಲಿನಡಿಯಲ್ಲೇ ಇರುತ್ತವೆ.

ಅಂದರೆ ಚಳಿಗಾಲದ ಆಟದ ಮೈದಾನವೂ ಮೀನಿನ ಬಾಣಂತಿಕೋಣೆಯೂ ಒಂದೇ. ನಡುನೀರಿನಲ್ಲಿ ನಿಂತವರ ಬೂಟಿನಡಿ ಏನಿದೆ? ಮೊಂಟಾನಾ ಸ್ಟೇಟ್ ವಿಶ್ವವಿದ್ಯಾನಿಲಯದ ರಾಬರ್ಟ್ಸ್ ಮತ್ತು ವೈಟ್ ಎಂಬಿಬ್ಬರು ಇದನ್ನು ಅಳೆದು 1992ರಲ್ಲಿ ಪ್ರಕಟಿಸಿದರು. ಮೊಟ್ಟೆಗಳಿರುವ ಹರಳುಹಾಸಿನ ಮೇಲೆ ದಿನಕ್ಕೆರಡು ಬಾರಿಯಂತೆ ಕೊನೆಯವರೆಗೂ ನಡೆದಾಡಿದರೆ ಮೊಟ್ಟೆ-ಮರಿಗಳಲ್ಲಿ ಶೇಕಡ 96ರವರೆಗೆ ಸಾಯುತ್ತವೆ. ಒಡೆಯುವ ಸ್ವಲ್ಪ ಮುಂಚೆ ಒಂದೇ ಒಂದು ಬಾರಿ ನಡೆದರೂ ಶೇಕಡ 43ರವರೆಗೆ. ಹಿಡಿದ ಮೀನನ್ನು ನಯವಾಗಿ ಬಿಟ್ಟು ಪುಣ್ಯ ಕಟ್ಟಿಕೊಂಡೆ ಎಂದುಕೊಂಡವರು ಹಿಂದಿರುಗುವಾಗ ನೂರಾರು ಮೀನುಗಳ ಮೇಲೆ ನಡೆದು ಹೋಗಿರಬಹುದು. ಬಲ್ಲವರು ಚಳಿಗಾಲದಲ್ಲಿ ಆದಷ್ಟು ದಡದಿಂದಲೇ ಬೀಸುತ್ತಾರೆ. ಸುತ್ತಲ ಪಾಚಿಗಟ್ಟಿದ ಕಲ್ಲುಗಳ ನಡುವೆ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ಅಂಡಾಕಾರದ ಜಾಗ, ಮುಂದೆ ತಗ್ಗು, ಹಿಂದೆ ದಿಬ್ಬ: ಇದು ಗೂಡಿನ ಗುರುತು. ಅಲ್ಲಿ ಕಾಲಿಡುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ಗದ್ದೆಗೇರಿ ಬರುವ, ಹೊಟ್ಟೆ ತುಂಬ ಮೊಟ್ಟೆಯ ಹತ್ತುಮೀನನ್ನು ಕತ್ತಿ ಹಿಡಿದು ಕಾಯುವ ನಮ್ಮ ಮಲೆನಾಡಿನವರಿಗೆ ಈ ಎಚ್ಚರಿಕೆ ಅತಿಯೆನಿಸಬಹುದು. ಹೊಳೆಗಳಲ್ಲಿ ಮೀನು ಏಕೆ ಕಡಿಮೆಯಾಯಿತು ಎಂದು ಕೇಳುವವರೂ ಅವರೇ.

ಹಿಡಿದು ಬಿಡುವುದಾದರೆ ಹಿಡಿಯುವುದಾದರೂ ಏಕೆ, ಮೀನಿಗೆ ನೋವಾಗುವುದಿಲ್ಲವೆ? ನ್ಯಾಯವಾದ ಪ್ರಶ್ನೆ. ರೇನ್‌ಬೋ ಟ್ರೌಟ್‌ನ ಮುಖದಲ್ಲಿ ನೋವನ್ನು ಗ್ರಹಿಸುವ ನರತುದಿಗಳಿವೆ ಎಂದು ಸ್ಕಾಟ್ಲೆಂಡಿನ ಸಂಶೋಧಕರು 2003ರಲ್ಲಿ ತೋರಿಸಿದರು. ಕಂದು ಟ್ರೌಟ್‌ನ ತವರಾದ ಜರ್ಮನಿಯಲ್ಲಿ, ಬಿಡುವ ಉದ್ದೇಶದಿಂದಲೇ ಹಿಡಿಯುವುದು ಪ್ರಾಣಿ ರಕ್ಷಣಾ ಕಾನೂನಿಗೆ ಒಪ್ಪುವುದಿಲ್ಲ; ಹಿಡಿದರೆ ತಿನ್ನಬೇಕು. ಅಮೆರಿಕದವರು ಇದನ್ನು ಒಪ್ಪುವುದಿಲ್ಲ. ನನಗನಿಸುವುದು ಇಷ್ಟು: ಮುಳ್ಳಿಲ್ಲದ ಕೊಕ್ಕೆ ಬಳಸಿ, ಬೇಗ ಎಳೆದು, ನೀರಿನಿಂದ ಮೇಲೆತ್ತದೆ ಬಿಡುವವರಿಂದ ಹೊಳೆಗೆ ಆಗುವ ನಷ್ಟಕ್ಕಿಂತ, ಹೊಳೆಯ ಕಡೆ ತಲೆ ಹಾಕದವರಿಂದ ಆಗುವ ನಷ್ಟ ದೊಡ್ಡದು. ಆದರೆ ಹಿಮಗಾಳಿಯಲ್ಲಿ ಮೀನನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವವರನ್ನು ನಾನು ಒಪ್ಪಲಾರೆ. ಕಿವಿರಿನ ಎಳೆಗಳು ಅಷ್ಟರಲ್ಲೇ ಹೆಪ್ಪುಗಟ್ಟತೊಡಗುತ್ತವೆ.

ಮಕ್ಕಳನ್ನು ಅಂಥ ಊರುಗಳಿಗೆ ಓದಲು ಕಳಿಸಿದ ಪಾಲಕರಿಗೆ ಒಂದೆರಡು ಮಾತು. ಗಾಳಕ್ಕೆ ಪರವಾನಗಿ ಬೇಕು. ಹೊಳೆಯ ಯಾವ ಭಾಗ ಯಾವ ತಿಂಗಳು ತೆರೆದಿರುತ್ತದೆ ಎಂಬ ನಿಯಮ ಭಾಗಭಾಗಕ್ಕೂ ಬೇರೆ, ಆಯಾ ವರ್ಷದ ನಿಯಮ ನೋಡಿಯೇ ಹೋಗಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಎರಡು ಡಿಗ್ರಿಯ ಹೊಳೆಗೆ ಜಾರಿ ಬಿದ್ದವರ ಬೆರಳು ಕೆಲವೇ ನಿಮಿಷಗಳಲ್ಲಿ ಮಾತು ಕೇಳುವುದಿಲ್ಲ. ಒಬ್ಬರೇ ಹೋಗಕೂಡದು, ಎದೆಯುದ್ದದ ಜಲನಿರೋಧಕ ಉಡುಪಿನ ಸೊಂಟಪಟ್ಟಿ ಬಿಗಿದಿರಬೇಕು, ಗಾಡಿಯಲ್ಲಿ ಒಣಬಟ್ಟೆ ಇರಬೇಕು. ಟ್ರೌಟ್ ನೋಡಲು ಅಷ್ಟು ದೂರವೇ ಹೋಗಬೇಕೆಂದೂ ಇಲ್ಲ. ಕಳೆದ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ನೀಲಗಿರಿಯ ಅವಲಾಂಚಿಯ ಕಡೆಯ ತೊರೆಗಳಿಗೆ ರೇನ್‌ಬೋ ಟ್ರೌಟ್ ತಂದರು. ಅಲ್ಲಿ ಅದರ ಸಾಕಣೆಕೇಂದ್ರವೂ ಬಂತು.

ಕೊನೆಯಲ್ಲಿ ಮ್ಯಾಡಿಸನ್‌ನಲ್ಲೇ ನಡೆದ ಒಂದು ಘಟನೆ. 2021ರ ನವೆಂಬರ್ 30ರ ನಸುಕಿನಲ್ಲಿ ಹೆಬ್ಗೆನ್ ಅಣೆಕಟ್ಟಿನ ಗೇಟಿನ ಒಂದು ಭಾಗ ಮುರಿಯಿತು. ಗೇಟು ಇಳಿದು, ಕೆಳಗಿನ ಹೊಳೆಯ ನೀರು ಕೆಲವೇ ಹೊತ್ತಿನಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು. ಪಕ್ಕದ ಕವಲುಗಳು ಬತ್ತಿದವು. ಕಂದು ಟ್ರೌಟ್ ಮೊಟ್ಟೆಯಿಟ್ಟು ವಾರಗಳಷ್ಟೇ ಆಗಿದ್ದ ಹರಳುಹಾಸುಗಳು ಗಾಳಿಗೆ ತೆರೆದುಕೊಂಡವು. ಮೀನುಗಳು ಅಂಗೈಯಗಲದ ಗುಂಡಿಗಳಲ್ಲಿ ಸಿಕ್ಕಿಬಿದ್ದವು. ಬೆಳಗಾಗುವಷ್ಟರಲ್ಲಿ ಸುದ್ದಿ ಹರಡಿ ಗಾಳಗಾರರು, ದೋಣಿ ನಡೆಸುವವರು, ಊರಿನವರು ಬಕೆಟ್ ಹಿಡಿದುಕೊಂಡು ಬಂದರು. ಗುಂಡಿಗಳ ಮೀನುಗಳನ್ನು ಬಕೆಟ್‌ನಲ್ಲಿ ಹೊತ್ತು ನಡುಹೊಳೆಗೆ ಸಾಗಿಸಿದರು. ಸುಮಾರು ಎರಡು ದಿನದ ಮೇಲೆ ಗೇಟು ದುರಸ್ತಿಯಾಗಿ ನೀರು ಮರಳಿತು. ಮೀನುಗಳನ್ನೇನೋ ಹೊರಬಹುದು, ಕಲ್ಲಿನಡಿಯ ಮೊಟ್ಟೆಗಳನ್ನು ಹೊರಲಾಗದು. ಅವುಗಳಲ್ಲಿ ಎಷ್ಟು ಉಳಿದವು ಎಂದು ಅಂದೇ ಹೇಳಬಲ್ಲವರು ಯಾರೂ ಇರಲಿಲ್ಲ. ಆ ಚಳಿಗಾಲದ ಮರಿಗಳು ಇಲಾಖೆಯ ಎಣಿಕೆಗೆ ಸಿಗುವಷ್ಟು ಬೆಳೆಯಲು ಎರಡು-ಮೂರು ವರ್ಷ ಬೇಕಾಗಿತ್ತು.